ಬಾರದವರ ವೈಫೈ

ಕ್ಲಚ್ ಮೇಷ್ಟ್ರು ಅಂದರೆ ಶಾಲೆಯ ಮೇಷ್ಟ್ರಲ್ಲ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವರದೊಂದು ಡ್ರೈವಿಂಗ್ ಸ್ಕೂಲು. ಒಂದು ಹಳೇ ಕಾರು, ಎರಡು ಬೆಂಚು, ಗೋಡೆಯ ತುಂಬ ರಸ್ತೆ ಚಿಹ್ನೆಗಳ ಪಟ. ಕಲಿಯುವವರು ಬ್ರೇಕ್ ಒತ್ತಬೇಕಾದ ಕಡೆಯಲ್ಲೆಲ್ಲ ಇವರು ಗಾಬರಿಗೆ "ಕ್ಲಚ್, ಕ್ಲಚ್" ಎಂದು ಕೂಗುತ್ತಿದ್ದರಿಂದ ಆ ಹೆಸರು ಅಂಟಿಕೊಂಡಿತ್ತು. ಮನುಷ್ಯ ಬಹಳ ಒಳ್ಳೆಯವರು. "ಗೊತ್ತಿಲ್ಲ" ಎನ್ನುವ ಒಂದು ಮಾತು ಮಾತ್ರ ಅವರ ಬಾಯಿಂದ ಯಾವತ್ತೂ ಹೊರಟದ್ದಿಲ್ಲ.

ಅವರ ಹೆಂಡತಿಯ ಅಕ್ಕ ಮೆಟ್ಟಿಲಿಂದ ಜಾರಿ ಕಾಲು ಮುರಿದುಕೊಂಡಿದ್ದರು. ನೋಡಿಕೊಂಡು ಬರಲು ಇಡೀ ಹಗಲಿನ ರೈಲು ಪ್ರಯಾಣ. ಟಿಕೆಟ್ಟನ್ನು ಭಾಮೈದ ತನ್ನ ಫೋನಿನಲ್ಲೇ ಮಾಡಿಸಿಕೊಟ್ಟ. ಕೊಡುವಾಗ ಸುಮ್ಮನಿರದೆ, ಈ ರೈಲಿನಲ್ಲಿ ಈಗ ವೈಫೈ ಉಂಟು, ಆದರೆ ಅದೆಲ್ಲ ನಿಮ್ಮ ಕೈಲಾಗುವ ಕೆಲಸವಲ್ಲ ಬಿಡಿ ಭಾವ ಎಂದ. ಅಷ್ಟು ಸಾಕಾಯಿತು. ಮೇಷ್ಟ್ರು ಅವತ್ತೇ ಸಂಜೆ ತಮ್ಮ ಶಿಷ್ಯರನ್ನೆಲ್ಲ ಸೇರಿಸಿ, ಲೈಸೆನ್ಸ್ ಪರೀಕ್ಷೆಗೆ ಮುಂಚಿನ ಕೊನೆಯ ಪಾಠವನ್ನು ಓಡುವ ರೈಲಿನಿಂದಲೇ ವಿಡಿಯೋದಲ್ಲಿ ಮಾಡುವುದಾಗಿ ಘೋಷಿಸಿಬಿಟ್ಟರು. ಶಿಷ್ಯರಲ್ಲಿ ಹಿರಿಯರಾದ ನಿವೃತ್ತ ಹೆಡ್‌ಮಿಸ್ಟ್ರೆಸ್ಸು, ಪರೀಕ್ಷೆಯಲ್ಲಿ ಪದೇ ಪದೇ ಫೇಲಾದ ಅನುಭವಿ, ಪಾಠ ತಪ್ಪಿದರೆ ತಾನು ಸುಮ್ಮನಿರುವವಳಲ್ಲ ಎಂದು ಅಲ್ಲೇ ಎಚ್ಚರಿಸಿದರು.

ರೈಲು ಹೊರಟಿತು. ಏಸಿ ಡಬ್ಬಿ. ಮೇಷ್ಟ್ರು ಮತ್ತು ಹೆಂಡತಿಗೆ ಒಂದೊಂದು ಬರ್ತು, ಅವರ ಎದುರಿಗೆ ನಡುದಾರಿಯ ಆಚೆ ಕಿಟಕಿ ಪಕ್ಕದ ಒಂಟಿ ಬರ್ತು. ಅದು ಖಾಲಿ. ಮಡಿಸಿಟ್ಟ ಬಿಳಿ ಹೊದಿಕೆ, ದಿಂಬು, ಅರ್ಧ ಎಳೆದ ಪರದೆ. ಹೊರಗೆ ಸುಡುವ ಬಿಸಿಲಿದ್ದರೂ ಆ ಒಂದು ಕಿಟಕಿಯ ಗಾಜು ಮಾತ್ರ ಒಳಗಿನಿಂದ ಮಂಜು ಹಿಡಿದು ಬೆಳ್ಳಗಾಗಿತ್ತು. ಡಬ್ಬಿಯಲ್ಲಿ ಜಾಗವಿಲ್ಲದೆ ಬಾಗಿಲ ಹತ್ತಿರ ನಿಂತವರೂ ಅಲ್ಲಿ ಬಂದು ಕೂರುತ್ತಿರಲಿಲ್ಲ. ಮೇಷ್ಟ್ರಿಗೆ ಇದನ್ನೆಲ್ಲ ಗಮನಿಸಲು ಪುರುಸೊತ್ತಿರಲಿಲ್ಲ. ಅವರು ಫೋನು ಹಿಡಿದು ವೈಫೈ ಜೊತೆ ಕುಸ್ತಿಗೆ ಬಿದ್ದಿದ್ದರು.

ವೈಫೈನವರು ಕೇಳಿದ್ದು ಎರಡೇ ಸಂಗತಿ: ಟಿಕೆಟ್ಟಿನಲ್ಲಿರುವ ಹೆಸರು, ಬರ್ತಿನ ನಂಬರು. ಮೇಷ್ಟ್ರು ಹೊಡೆದರು. ಪರದೆಯ ಮೇಲೆ ಚಕ್ರ ಸುತ್ತಿ ಸುತ್ತಿ ನಿಂತು, "ಈ ಹೆಸರಿನ ಪ್ರಯಾಣಿಕರು ರೈಲಿನಲ್ಲಿಲ್ಲ" ಎಂಬ ಉತ್ತರ ಬಂತು. ಇನಿಶಿಯಲ್ಲು ಮುಂದೆ ಹಾಕಿದರು. ಹಿಂದೆ ಹಾಕಿದರು. ಅಪ್ಪನ ಹೆಸರು ಸೇರಿಸಿದರು. ಕಿಟಕಿಗೆ ಹತ್ತಿರ ಹಿಡಿದು, ಆಮೇಲೆ ತಲೆಯ ಮೇಲೆ ಹಿಡಿದು ನೋಡಿದರು. ಎಲ್ಲಿಂದ ಹೇಗೆ ಕೇಳಿದರೂ ಅವರು ರೈಲಿನಲ್ಲಿಲ್ಲ. ಭಾಮೈದ ಅವಸರದಲ್ಲಿ ಹೆಸರನ್ನು ತಪ್ಪಾಗಿ ಬರೆಸಿದ್ದು ಆಮೇಲೆ ತಿಳಿದ ವಿಷಯ. ಆ ಹೊತ್ತಿಗೆ ಮಾತ್ರ ಮೇಷ್ಟ್ರಿಗೆ ಒಂಥರಾ ಆಯಿತು. ಅವರು ತಮ್ಮ ಮೊಣಕೈಯನ್ನು ತಾವೇ ಒಮ್ಮೆ ಹಿಡಿದು ನೋಡಿಕೊಂಡರು.

"ಬೇಕಾದಾಗ ನೀವು ಎಲ್ಲೂ ಇರಲ್ಲ ಅಂತ ನಾನು ಮೊದಲಿಂದ್ಲೂ ಹೇಳ್ತಿರ್ಲಿಲ್ವಾ" ಎಂದರು ಹೆಂಡತಿ, ಸ್ವೆಟರ್ ಹೆಣೆಯುವ ಕಡ್ಡಿಯಿಂದ ತಲೆಯೆತ್ತದೆ.

ಅಷ್ಟರಲ್ಲಿ ಟಿಕೆಟ್ ನೋಡುವ ಟಿಸಿ ಬಂದರು. ಬಿಳೀ ಮೀಸೆಯ, ಇಸ್ತ್ರಿ ಮಾಡಿದ ಕೋಟಿನ, ನಿವೃತ್ತಿಗೆ ಹತ್ತಿರವಾದ ಮನುಷ್ಯ. ಇವರ ಟಿಕೆಟ್ಟಿನ ಮೇಲೆ ಕಣ್ಣಾಡಿಸಿ, ತಿರುಗಿ ಆ ಖಾಲಿ ಬರ್ತಿನ ಎದುರು ನಿಂತು, ಅಲ್ಲಿ ಕೂತವರನ್ನು ಕರೆಯುವಂತೆ ಒಂದು ಹೆಸರನ್ನು ಸ್ಪಷ್ಟವಾಗಿ ಕರೆದರು. ಕಾದರು. ಮತ್ತೊಮ್ಮೆ ಕರೆದರು. ಆಮೇಲೆ ಕೈಯಲ್ಲಿದ್ದ ಟ್ಯಾಬ್ ಮೇಲೆ ಬೆರಳಿಟ್ಟು ಬಾರದವರೆಂದು ಗುರುತು ಹಾಕಿ, ಅತ್ತ ಬೆನ್ನು ತೋರಿಸದೆ ಎರಡು ಹೆಜ್ಜೆ ಹಿಂದಕ್ಕೇ ನಡೆದು ಮುಂದಿನ ಡಬ್ಬಿಗೆ ಹೊರಟುಹೋದರು.

ಬಾರದ ಮನುಷ್ಯ. ಹೆಸರು ಗೊತ್ತು, ನಂಬರು ಎದುರಿಗೇ ಇದೆ. ಪಾಠದ ಹೊತ್ತು ಆಗುತ್ತಾ ಬಂದಿತ್ತು, ಹೆಡ್‌ಮಿಸ್ಟ್ರೆಸ್ಸಿನ ಮುಖ ಕಣ್ಣೆದುರು ಬಂದಿತ್ತು. ಯಾರಿಗೂ ನಷ್ಟವಿಲ್ಲದ ವಿಷಯ ಎಂದುಕೊಂಡು ಮೇಷ್ಟ್ರು ಆ ಹೆಸರನ್ನು ಹೊಡೆದರು.

ಚಕ್ರ ಸುತ್ತಲೇ ಇಲ್ಲ. "ಸ್ವಾಗತ. ಬಹಳ ದಿನಗಳ ಮೇಲೆ ಬಂದಿದ್ದೀರಿ" ಎಂದಿತು ಪರದೆ. ಎದುರಿನ ಬರ್ತಿನ ಓದುವ ದೀಪ ತಾನಾಗಿ ಹತ್ತಿಕೊಂಡಿತು.

ಏನು ಮರ್ಯಾದೆ, ಏನು ವ್ಯವಸ್ಥೆ ಎಂದು ಮೇಷ್ಟ್ರು ಹಿಗ್ಗಿ ಪಾಠಕ್ಕೆ ಕೂತರು. ಚಿತ್ರ ಕನ್ನಡಿಯ ಹಾಗೆ ಸ್ವಚ್ಛ. ಶಿಷ್ಯರೆಲ್ಲ ಸಾಲಾಗಿ ಕಾಣಿಸಿಕೊಂಡರು. ಮೇಷ್ಟ್ರ ಚಿತ್ರದ ಕೆಳಗೆ ಬೇರೆ ಯಾರದೋ ಹೆಸರಿದೆಯಲ್ಲ ಎಂದು ಒಬ್ಬ ಕೇಳಿದ. ಅದು ರೈಲಿನಲ್ಲಿ ಬಳಸುವ ಹೆಸರು ಎಂದು ಮೇಷ್ಟ್ರು ಸಮಾಧಾನ ಹೇಳಿ, ರಟ್ಟಿನ ಮೇಲೆ ಅಂಟಿಸಿ ತಂದಿದ್ದ ಚಿಹ್ನೆಗಳನ್ನು ಎತ್ತಿ ಹಿಡಿದರು. ಕಡಿದಾದ ತಿರುವು, ಕಿರಿದಾದ ಸೇತುವೆ ಎರಡೂ ಮುಗಿದವು. ಆಗ ಹೆಡ್‌ಮಿಸ್ಟ್ರೆಸ್ಸು ಕನ್ನಡಕ ಸರಿಮಾಡಿಕೊಂಡು, "ಮೇಷ್ಟ್ರೇ, ನಿಮ್ಮ ಪಕ್ಕದವರಿಗೆ ಸ್ವಲ್ಪ ಸರಿಯೋಕೆ ಹೇಳಿ. ಚಿಹ್ನೆ ಕಾಣ್ತಿಲ್ಲ" ಎಂದರು.

ಮೇಷ್ಟ್ರು ಎಡಕ್ಕೆ ನೋಡಿದರು. ಹೆಂಡತಿ ಬಲಕ್ಕಿದ್ದರು. ಎಡಕ್ಕೆ ಯಾರೂ ಇರಲಿಲ್ಲ. ಫೇಲಾಗುವುದಕ್ಕೆ ಕಣ್ಣೇ ಕಾರಣ, ಪಾಪ, ಎಂದು ಮನಸ್ಸಿನಲ್ಲೇ ನಿರ್ಣಯಿಸಿ ಮುಂದಿನ ರಟ್ಟು ಎತ್ತುವಾಗ ಪಾಠ ಮಾಯವಾಗಿ ಪರದೆಯ ಮೇಲೆ ಒಂದು ಕರೆ ಬಂತು.

ಎತ್ತಿಕೊಂಡರು. ಆ ಕಡೆ ಮೊದಲು ಬರೀ ಉಸಿರು ಕೇಳಿಸಿತು. ಆಮೇಲೆ ವಯಸ್ಸಾದ ಹೆಂಗಸಿನ ದನಿ, ಬಹಳ ಮೆತ್ತಗೆ, ಕೇಳಿತು.

"ಕೊನೆಗೂ ಹತ್ತಿದ್ರಾ? ನನಗೆ ಮೆಸೇಜ್ ಬಂತು."

ವೈಫೈ ಕಂಪನಿಯವರು ಯೋಗಕ್ಷೇಮ ವಿಚಾರಿಸುತ್ತಿದ್ದಾರೆ ಎಂದು ಮೇಷ್ಟ್ರು ತಿಳಿದರು. ಕಂಪನಿಯವರ ಫೋನು ಬಂದರೆ ಕುಂದುಕೊರತೆ ಹೇಳದೆ ಬಿಡುವವರಲ್ಲ ಅವರು.

"ಹೂಂ, ಹತ್ತಿದೀನಿ. ಅಂತೂ ಇಂತೂ ಆಯ್ತು."

"ತುಂಬ ಕಷ್ಟ ಆಯ್ತಾ?"

"ಏನು ಹೇಳ್ಲಿ. ಇಂಥವ್ರು ಇಲ್ಲವೇ ಇಲ್ಲ ಅಂದ್ಬಿಟ್ರು. ಎಷ್ಟು ಸಲ ಹೇಳಿದ್ರೂ ಅದೇ ಮಾತು."

"ನನಗೂ ಹಾಗೇ ಅಂದ್ರು" ಎಂದಿತು ದನಿ. "ಎಲ್ಲರೂ ಅಂದ್ರು. ನಾನು ನಂಬ್ಲಿಲ್ಲ."

ಕಂಪನಿಯ ಹೆಂಗಸಿಗೂ ಇಷ್ಟು ತಾಪತ್ರಯವೇ ಎಂದು ಮೇಷ್ಟ್ರಿಗೆ ಮರುಕ ಹುಟ್ಟಿತು. ಈಗ ಹೇಗಿದ್ದೀರಿ ಎಂದು ಆಕೆ ಕೇಳಿದರು. ಈಗ ಪರವಾಗಿಲ್ಲ, ಬಯಲಲ್ಲಿ ಚೆನ್ನಾಗಿರುತ್ತೆ, ಸುರಂಗ ಬಂದರೆ ಹೇಗೋ ಏನೋ ಎಂದು ಇವರು ವರದಿ ಒಪ್ಪಿಸಿದರು. ಕತ್ತಲೆ ಕಂಡರೆ ನಿಮಗೆ ಮೊದಲಿಂದಲೂ ಆಗುವುದಿಲ್ಲವಲ್ಲ ಎಂದು ಆಕೆ ನಿಟ್ಟುಸಿರಿಟ್ಟರು. ಇದು ಕಂಪನಿಯವರಿಗೆ ಹೇಗೆ ಗೊತ್ತಾಯಿತು ಎಂದು ಮೇಷ್ಟ್ರು ಯೋಚಿಸುವುದರೊಳಗೆ ಮುಂದಿನ ಪ್ರಶ್ನೆ ಬಂತು.

"ಒಬ್ರೇ ಇದೀರಾ?"

ಒಂದೇ ಹೆಸರಿನಲ್ಲಿ ಎಷ್ಟು ಜನ ವೈಫೈ ಬಳಸುತ್ತಿದ್ದಾರೆಂಬ ತನಿಖೆ ಇದು ಎಂದುಕೊಂಡ ಮೇಷ್ಟ್ರು ಪ್ರಾಮಾಣಿಕವಾಗಿ ಉತ್ತರಿಸಿದರು. "ಇಲ್ಲ, ಜೊತೆಗೆ ಹೆಂಡ್ತಿ ಇದಾಳೆ."

ಕರೆ ಹೋಯಿತೇನೋ ಎಂದು ಮೇಷ್ಟ್ರು ಫೋನನ್ನು ಅಲ್ಲಾಡಿಸಿ ನೋಡಿದರು.

"ಇರ್ಲಿ" ಎಂದಿತು ದನಿ ಕೊನೆಗೆ. "ಜಗಳ ಆಡೋ ಶಕ್ತಿ ನನಗೂ ಉಳಿದಿಲ್ಲ. ಅವಳನ್ನೂ ಕರ್ಕೊಂಡೇ ಬನ್ನಿ. ನಾನು ಸ್ಟೇಷನ್ನಿಗೆ ಬರ್ತೀನಿ."

ಮೇಷ್ಟ್ರು ಫೋನು ಇಳಿಸಿ ಹೆಂಡತಿಗೆ ಹೇಳಿದರು: ಸೇವೆ ಅಂದರೆ ಇದು. ಗಿರಾಕಿಯನ್ನು ಕಾಣಲು ಕಂಪನಿಯವರೇ ಸ್ಟೇಷನ್ನಿಗೆ ಬರುತ್ತಾರಂತೆ. ಹೆಂಡತಿಗೆ ಕೇಳಿಸಿದ್ದು ಇವರ ಕಡೆಯ ಮಾತು ಮಾತ್ರ. ಆದರೂ ಕಡ್ಡಿ ನಿಂತಿತ್ತು. ಆಕೆ ಏನೋ ಕೇಳುವಷ್ಟರಲ್ಲಿ ಫೋನು ಒಂದರ ಹಿಂದೊಂದು ಗುಂಯ್‌ಗುಟ್ಟತೊಡಗಿತು. ಮೆಸೇಜುಗಳು. ನೀಲಿ ಶಾಲು ತರುತ್ತಿದ್ದೇನೆ, ನಿಮ್ಮದು ಹಾಗೇ ಇಟ್ಟಿದ್ದೆ. ಮೊಣಕಾಲು ನೋವು ಹೇಗಿದೆ. ಮನೆಯ ಬಾಗಿಲಿಗೆ ಬೇರೆ ಬಣ್ಣ ಹೊಡೆಸಿದ್ದೇನೆ, ಗುರುತು ಸಿಗದಿದ್ದರೆ ಗಾಬರಿಯಾಗಬೇಡಿ. ಹೆಂಡತಿ ಫೋನನ್ನು ಕಿತ್ತುಕೊಂಡು ಓದುತ್ತಾ ಹೋದರು. ಕೊನೆಯದು ಇನ್ನಾರದೋ ನಂಬರಿನಿಂದ: "ಅಣ್ಣ, ಅತ್ತಿಗೆ ಇವತ್ತು ಎದ್ದು ತಲೆ ಬಾಚಿಕೊಂಡರು. ನೀನು ಎರಡನೇ ಹೆಂಡತಿಯನ್ನು ಕರೆದುಕೊಂಡು ಬರುತ್ತಿದ್ದೀಯ ಎಂದು ಕೇಳಿದೆ. ನಾನಂತೂ ನಿನ್ನನ್ನು ಮಾತಾಡಿಸುವುದಿಲ್ಲ."

"ರೀ, ಎರಡನೇ ಹೆಂಡ್ತಿ ಯಾರು?"

ಮೇಷ್ಟ್ರು ಮೆಸೇಜನ್ನು ಎರಡು ಸಲ ಓದಿ, ಲೆಕ್ಕ ಹಾಕಿ, ಸತ್ಯವನ್ನೇ ಹೇಳಿದರು. "ನೀನೇ ಕಣೇ."

ಆಮೇಲೆ ಸ್ವಲ್ಪ ಹೊತ್ತು ಆ ಡಬ್ಬಿಯಲ್ಲಿ ನಡೆದ ಸಂಭಾಷಣೆಯನ್ನು ಇಲ್ಲಿ ಬರೆಯಬೇಕಾಗಿಲ್ಲ. ಪಕ್ಕದ ಸಾಲಿನವರು ಪರದೆ ಸರಿಸಿ ಕೇಳಿದರು, ಮೇಲಿನ ಬರ್ತಿನ ಒಬ್ಬರು ನಿದ್ದೆಯಿಂದ ಎದ್ದು ಮೇಷ್ಟ್ರದೇ ತಪ್ಪೆಂದು ತೀರ್ಪು ಕೊಟ್ಟು ಮತ್ತೆ ಮಲಗಿದರು. ಮೇಷ್ಟ್ರು ಬೇರೆಯವರ ಹೆಸರು ಹಾಕಿದ್ದನ್ನು ಬಾಯಿಬಿಟ್ಟಾಗ ಮಾತ್ರ ಹೆಂಡತಿಯ ಸಿಟ್ಟಿಗೆ ಒಂದು ತಡೆ ಬಂತು. ಅದೇ ಹೊತ್ತಿಗೆ ಟಿಸಿ ಓಡುತ್ತಾ ಬಂದರು. ಮೀಸೆ ನಡುಗುತ್ತಿತ್ತು.

ಇಲ್ಲಿ ಯಾರು ಹತ್ತಿದರು ಎಂದು ಅವರು ಖಾಲಿ ಬರ್ತನ್ನು ನೋಡುತ್ತಾ ಕೇಳಿದರು. ಟ್ಯಾಬಿನಲ್ಲಿ ಆ ಬರ್ತು "ಬಂದಿದ್ದಾರೆ" ಎಂದು ಹಸಿರಾಗಿತ್ತಂತೆ. ಮೇಷ್ಟ್ರು ತೊದಲುತ್ತಾ ವಿಷಯ ಹೇಳಿದರು. ಟಿಸಿ ಹಣೆ ಒರೆಸಿಕೊಂಡು, ಕೂತುಕೊಳ್ಳಲು ಆ ಬರ್ತಿನ ಕಡೆ ಬಾಗಿದವರು ಮನಸ್ಸು ಬದಲಾಯಿಸಿ, ಮೇಷ್ಟ್ರ ಪಕ್ಕದಲ್ಲೇ ಇಕ್ಕಟ್ಟಾಗಿ ಕೂತರು.

ವಿಷಯ ಇಷ್ಟು. ಆ ಹೆಸರಿನವರು ಬಹಳ ವರ್ಷಗಳ ಹಿಂದೆ ಮನೆಯಲ್ಲಿ ಯಾವುದೋ ಮಾತಿಗೆ ಮುನಿಸಿಕೊಂಡು ದೂರದ ಊರಿಗೆ ಹೋಗಿದ್ದರು. ಕೊನೆಗೊಂದು ದಿನ ವಾಪಸು ಬರುತ್ತಿದ್ದೇನೆ ಎಂದು ಹೆಂಡತಿಗೆ ಹೇಳಿ ಇದೇ ರೈಲು, ಇದೇ ಬರ್ತು ಹತ್ತಿದರು. ರೈಲು ತಲುಪಿದಾಗ ಬರ್ತಿನ ಕೆಳಗೆ ಅವರ ಚಪ್ಪಲಿ ಜೋಡಿಯಾಗಿ ಇತ್ತು. ಅವರು ಇರಲಿಲ್ಲ. ಹಳಿಯ ಉದ್ದಕ್ಕೂ ಹುಡುಕಿದರು, ಏನೂ ಸಿಗಲಿಲ್ಲ. ಅವತ್ತಿನಿಂದ ಆ ಹೆಂಗಸು ವರ್ಷಕ್ಕೊಂದು ಸಲ, ಅದೇ ದಿನಕ್ಕೆ, ಅದೇ ಬರ್ತನ್ನು ಗಂಡನ ಹೆಸರಿಗೆ ಮಾಡಿಸುತ್ತಾರೆ. ಸಂಜೆ ಪ್ಲಾಟ್‌ಫಾರಮ್ಮಿಗೆ ಬಂದು ನಿಂತು, ಎಲ್ಲರೂ ಇಳಿದ ಮೇಲೆ ಮನೆಗೆ ಹೋಗುತ್ತಾರೆ.

"ಒಂದು ಸಲ ಪಾಪ ಅಂತ ಆ ಜಾಗ ಬೇರೊಬ್ರಿಗೆ ಕೊಟ್ಟೆ" ಎಂದರು ಟಿಸಿ ದನಿ ತಗ್ಗಿಸಿ. "ಅರ್ಧ ದಾರಿಲಿ ಎದ್ದು ಬಂದು ಬಾಗಿಲ ಹತ್ರ ನಿಂತ್ಕೊಂಡ್ರು. ಯಾಕೆ ಸಾರ್ ಅಂದೆ. ಪಕ್ಕದಲ್ಲಿದ್ದವ್ರು ಸ್ವಲ್ಪ ಸರೀರಿ ಅಂದ್ರು, ನಾನು ಸರಿದೆ, ಆಮೇಲೆ ನಂಗೇ ಜಾಗ ಸಾಲ್ಲಿಲ್ಲ ಅಂದ್ರು."

ಮೇಷ್ಟ್ರು ಎಡಕ್ಕೆ ಒಮ್ಮೆ ನೋಡಿಕೊಂಡು ಹೆಂಡತಿಯ ಕಡೆಗೆ ಜರುಗಿದರು. ಹೆಂಡತಿಯೂ ಇವರ ಕಡೆಗೇ ಜರುಗಿದ್ದರಿಂದ ಇಬ್ಬರ ಭುಜಗಳೂ ಡಿಕ್ಕಿ ಹೊಡೆದವು.

ಆ ಗುರುತನ್ನು ಅಳಿಸಿಬಿಡಿ ಸ್ವಾಮಿ ಎಂದು ಮೇಷ್ಟ್ರು ಬೇಡಿಕೊಂಡರು. ಟಿಸಿ ತಲೆಯಾಡಿಸಿದರು. ಬಾರದವರನ್ನು ಬಂದಿಲ್ಲ ಎನ್ನಲು ತಮಗೆ ಅಧಿಕಾರವಿದೆ, ಬಂದವರನ್ನು ಬಂದಿಲ್ಲ ಎನ್ನಲು ಇಲ್ಲ. ಒಮ್ಮೆ ಹತ್ತಿದ ಮೇಲೆ ಸ್ಟೇಷನ್ನಿನಲ್ಲಿ ಇಳಿಯುವವರೆಗೂ ಅವರು ಪ್ರಯಾಣಿಕರೇ. ಹಾಗೆ ನೋಡಿದರೆ ಬಂದಿಲ್ಲದವರು ನೀವೇ ಎಂದು ಟ್ಯಾಬನ್ನು ತಿರುಗಿಸಿ ತೋರಿಸಿದರು. ಮೇಷ್ಟ್ರ ಬರ್ತಿನ ಎದುರು, ಭಾಮೈದ ತಪ್ಪಾಗಿ ಬರೆಸಿದ ಹೆಸರಿನ ಪಕ್ಕ, ಕೆಂಪು ಗುರುತಿತ್ತು. ಅದನ್ನಾದರೂ ಸರಿಮಾಡಿ ಎಂದರೆ, ಒಂದು ಡಬ್ಬಿಯಲ್ಲಿ ಇಷ್ಟು ಗೊಂದಲ ಸಾಕು ಎಂದು ಎದ್ದುಹೋದರು.

ಅವರು ಹೋದ ಮೇಲೆ ಗಂಡ ಹೆಂಡತಿ ಇಬ್ಬರೂ ಎದುರಿನ ಬರ್ತನ್ನು ನೋಡುತ್ತಾ ಕೂತರು. ಬೆಳಿಗ್ಗೆ ಇಸ್ತ್ರಿ ಮಡಿಕೆ ಮುರಿಯದಂತಿದ್ದ ಹೊದಿಕೆ ಈಗ ಬಿಚ್ಚಿಕೊಂಡು, ಮಧ್ಯದಲ್ಲಿ ಸ್ವಲ್ಪ ತಗ್ಗಾಗಿತ್ತು.

"ಆಯಮ್ಮಂಗೆ ನಿಜ ಹೇಳ್ಬಿಡಿ" ಎಂದರು ಹೆಂಡತಿ. ಸಿಟ್ಟು ಎಲ್ಲಿ ಹೋಗಿತ್ತೋ. "ಎಷ್ಟು ವರ್ಷದಿಂದ ಕಾದಿದಾರೆ. ಪ್ಲಾಟ್‌ಫಾರಮ್ಮಲ್ಲಿ ನಿಮ್ಮ ಮುಖ ನೋಡಿದ್ರೆ ಅವ್ರ ಗತಿ ಏನು?"

ಮೇಷ್ಟ್ರು ಕರೆ ಮಾಡಿದರು. ಆಕೆ ಒಂದೇ ರಿಂಗಿಗೆ ಎತ್ತಿಕೊಂಡರು. ಮೇಷ್ಟ್ರು ಧೈರ್ಯ ಮಾಡಿ, ನೀವು ಅಂದುಕೊಂಡ ಮನುಷ್ಯ ನಾನಲ್ಲ, ನಾನು ಬೇರೆ ಎಂದರು.

"ಹೋಗುವಾಗ್ಲೂ ಇದೇ ಮಾತು ಹೇಳಿ ಹೋಗಿದ್ರಿ" ಎಂದರು ಆಕೆ. "ನೀನು ಕಟ್ಕೊಂಡ ಮನುಷ್ಯ ನಾನಲ್ಲ, ಬೇರೆ ಆಗಿದೀನಿ ಅಂತ. ನಂಗೆ ಅದೆಲ್ಲ ಬೇಡ. ಬೇರೆ ಆಗಿದ್ರೂ ಬನ್ನಿ."

ಮೇಷ್ಟ್ರು ಇನ್ನೊಂದು ಮಾತು ಹುಡುಕುವಾಗ ರೈಲು ಸುರಂಗದೊಳಗೆ ನುಗ್ಗಿ ಕರೆ ಕಡಿದುಹೋಯಿತು. ಮತ್ತೆ ಮಾಡಬಹುದಿತ್ತು. ಮಾಡಲಿಲ್ಲ. ವೈಫೈ ಆರಿಸಿ, ಫೋನನ್ನೂ ಪೂರ್ತಿ ಆರಿಸಿ, ಹೆಂಡತಿಯ ಕೈಗೆ ಕೊಟ್ಟುಬಿಟ್ಟರು. ಆಕೆ ಅದನ್ನು ಚೀಲದ ತಳಕ್ಕೆ ಹಾಕಿ ಜಿಪ್ ಎಳೆದು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು.

ಅಲ್ಲಿಂದ ಮುಂದೆ ಗುಡ್ಡದ ಹಾದಿ. ಸುರಂಗದ ಹಿಂದೆ ಸುರಂಗ. ಬೆಳಕು ಬರುವುದು, ಹೋಗುವುದು. ಹೆಂಡತಿ ಬೆಳಗಿನಿಂದ ಆದ ಆಯಾಸಕ್ಕೆ ಕೂತಲ್ಲೇ ನಿದ್ದೆ ಹೋದರು. ಮೇಷ್ಟ್ರಿಗೆ ನಿದ್ದೆ ಎಲ್ಲಿಯದು. ಸ್ಟೇಷನ್ನಿನಲ್ಲಿ ಆ ಅಮ್ಮನಿಗೆ ಏನು ಹೇಳುವುದೆಂದು ಮನಸ್ಸಿನಲ್ಲೇ ಕಟ್ಟಿ, ಕಟ್ಟಿದ್ದನ್ನು ಕೆಡವಿ, ಕೊನೆಗೆ ತುಟಿಯಲ್ಲಿ ಪಿಸುಗುಟ್ಟಿ ಅಭ್ಯಾಸ ಮಾಡತೊಡಗಿದರು. ಯಾರಿಗಾದರೂ ಹೇಳಿದಂತಿರಲಿ ಎಂದು ಎದುರಿನ ಬರ್ತಿನ ಕಡೆಗೇ ಮುಖ ಮಾಡಿದರು. "ಅಮ್ಮ, ನಾನು ಕೆಟ್ಟ ಮನುಷ್ಯ ಅಲ್ಲ. ದಡ್ಡ ಮನುಷ್ಯ. ನನಗೆ ಏನೂ ಗೊತ್ತಿಲ್ಲ. ಗೊತ್ತಿಲ್ಲ ಅನ್ನೋಕೆ ನಾಚಿಕೆ ಆಗಿ ಇಷ್ಟೆಲ್ಲ ಮಾಡ್ದೆ." ಆ ಮಾತು ಬಾಯಿಂದ ಬಂದಿದ್ದು ಕೇಳಿ ಅವರಿಗೇ ಆಶ್ಚರ್ಯವಾಯಿತು. ಮಂಜು ಕರಗಿ ಕಪ್ಪಾಗಿದ್ದ ಆಚೆಯ ಕಿಟಕಿಯ ಗಾಜಿನಲ್ಲಿ ಅವರ ಪ್ರತಿಬಿಂಬ ಮಂಕಾಗಿ ಕಾಣುತ್ತಿತ್ತು. ಇವರು ಮಾತು ನಿಲ್ಲಿಸಿ ಅಲುಗಾಡದೆ ಕೂತರು. ಗಾಜಿನಲ್ಲಿದ್ದ ತಲೆ ಮಾತ್ರ, ಕೇಳಿಸಿಕೊಂಡವರ ಹಾಗೆ, ನಿಧಾನವಾಗಿ ಎರಡು ಸಲ ತೂಗಿತು. ರೈಲಿನ ಕುಲುಕಾಟ ಎಂದು ಮೇಷ್ಟ್ರು ತಮಗೆ ತಾವೇ ಹೇಳಿಕೊಂಡು, ಉಳಿದ ದಾರಿಯಿಡೀ ತಮ್ಮ ಮೊಣಕಾಲನ್ನೇ ನೋಡುತ್ತಾ ಕೂತರು.

ಸೂರ್ಯ ಇನ್ನೂ ಮುಳುಗಿರಲಿಲ್ಲ, ರೈಲು ತಲುಪಿತು. ಗುರುತು ಹಿಡಿಯಲು ಕಷ್ಟವಾಗಲಿಲ್ಲ. ಇವರ ಡಬ್ಬಿಯ ಬಾಗಿಲಿಗೆ ನೇರವಾಗಿ, ಗಂಟು ಹಾಕಿದ ಬೆಳ್ಳಗಿನ ಕೂದಲಿನ ಒಬ್ಬ ಹೆಂಗಸು ನೀಲಿ ಶಾಲನ್ನು ಎದೆಗೆ ಅವುಚಿಕೊಂಡು ನಿಂತಿದ್ದರು. ಪಕ್ಕದಲ್ಲಿ ಮುಖ ಗಂಟಿಕ್ಕಿಕೊಂಡ ಇನ್ನೊಬ್ಬರು, ಮಾತಾಡಿಸುವುದಿಲ್ಲ ಎಂದು ಮೆಸೇಜು ಹಾಕಿದ ನಾದಿನಿಯೇ ಇರಬೇಕು. ಮೇಷ್ಟ್ರು ಹೆಂಡತಿಯನ್ನು ಮುಂದೆ ಬಿಡಲು ನೋಡಿದರು. ಹೆಂಡತಿ ಬಿಡದೆ ಇವರನ್ನೇ ಮುಂದೆ ದೂಡಿದರು.

ಮೇಷ್ಟ್ರು ಕೈ ಜೋಡಿಸಿದರು. ಕಟ್ಟಿಕೊಂಡು ಬಂದ ಮಾತೊಂದೂ ಬಾಯಿಗೆ ಬರಲಿಲ್ಲ. ಆದರೆ ಆ ಮುಖದಲ್ಲಿ ಅವರು ಹೆದರಿದ್ದ ಯಾವ ಕುಸಿತವೂ ಇರಲಿಲ್ಲ. ಆಕೆ ನೆಮ್ಮದಿಯಾಗಿ ನಕ್ಕರು.

"ನೀವಲ್ಲ ಅಂತ ನಂಗೆ ಗೊತ್ತಾಯ್ತು, ಬಿಡಿ" ಎಂದರು. "ನೀವು ಫೋನ್ ಇಟ್ರಲ್ಲ, ಅವ್ರೇ ಹೇಳಿದ್ರು."

"ಯಾರು?"

"ನಮ್ಮವ್ರು. ಆಮೇಲಿಂದ ಇಲ್ಲೀವರೆಗೂ ಅವ್ರೇ ಮಾತಾಡ್ತಿದ್ರು. ಅಷ್ಟೊಂದು ಸುರಂಗ ಬಂದ್ರೂ ಒಂದು ಸಲನೂ ಕಟ್ ಆಗ್ಲಿಲ್ಲ ನೋಡಿ." ಆಮೇಲೆ, ಮಗುವಿಗೆ ಹೇಳುವ ಹಾಗೆ, "ದಡ್ಡ ಅಂತ ಬೇಜಾರು ಮಾಡ್ಕೋಬೇಡಿ. ನೀವು ಅವ್ರ ಹತ್ರ ಕ್ಷಮೆ ಕೇಳಿದ ರೀತಿ ಅವ್ರಿಗೆ ತುಂಬ ಹಿಡಿಸ್ತಂತೆ. ನನ್ನ ಹತ್ರ ಅವ್ರೂ ಅದೇ ಥರ ಕ್ಷಮೆ ಕೇಳಿದ್ರು."

ಮೇಷ್ಟ್ರು ಹೆಂಡತಿಯ ಕೈಯಲ್ಲಿದ್ದ ಚೀಲದ ಕಡೆ ನೋಡಿದರು. ಫೋನು ಚೀಲದ ತಳದಲ್ಲಿ ಆರಿತ್ತು. ತಾವು ಪಿಸುಗುಟ್ಟಿದ್ದನ್ನು ಕೇಳಲು ಅಲ್ಲಿ ಯಾರೂ ಎಚ್ಚರವಿರಲಿಲ್ಲ.

ಆಕೆಯ ಕಣ್ಣು ಮೇಷ್ಟ್ರ ಭುಜದಾಚೆ ಡಬ್ಬಿಯ ಬಾಗಿಲಿಗೆ ಹೋಯಿತು. ಎಲ್ಲರೂ ಇಳಿದಾಗಿತ್ತು. ಆಕೆ ಎರಡು ಹೆಜ್ಜೆ ಮುಂದೆ ಹೋಗಿ, ಶಾಲನ್ನು ಬಿಚ್ಚಿ, ತನಗಿಂತ ಒಂದು ಗೇಣು ಎತ್ತರಕ್ಕೆ ಕೈಯೆತ್ತಿ ಹೊದಿಸುವಂತೆ ಮಾಡಿದರು. ಶಾಲು ಕೆಳಗೆ ಬೀಳಲಿಲ್ಲ. ಗಾಳಿ ಇತ್ತು ಎಂದು ಅತ್ತ ನಿಂತು ನೋಡುತ್ತಿದ್ದ ಟಿಸಿ ಆಮೇಲೆ ಎಲ್ಲರಿಗೂ ಹೇಳಿದರು, ಆದರೆ ಹೇಳುವಾಗ ಅವರು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಆಕೆ ಪ್ಲಾಟ್‌ಫಾರಮ್ಮಿನ ಉದ್ದಕ್ಕೂ ನಡೆದರು, ಪಕ್ಕದಲ್ಲಿ ಒಬ್ಬರ ಜಾಗ ಬಿಟ್ಟು, ಆ ಜಾಗದ ನಡಿಗೆಗೆ ತಕ್ಕಂತೆ ನಿಧಾನವಾಗಿ. ಎದುರು ಬಂದ ಕೂಲಿಗಳು ಯಾಕೆಂದು ತಿಳಿಯದೆಯೇ ಇಬ್ಬರಿಗೆ ಆಗುವಷ್ಟು ದಾರಿ ಬಿಟ್ಟುಕೊಟ್ಟರು. ನಾದಿನಿ ಹಿಂದೆ ಹಿಂದೆ ಹೋದರು. ಆ ಖಾಲಿ ಜಾಗದ ಕಡೆಗೆ ಮಾತ್ರ ಮುಖ ತಿರುಗಿಸಿಕೊಂಡೇ ಇದ್ದರು. ಮಾತಾಡಿಸುವುದಿಲ್ಲ ಎಂದ ಮೇಲೆ ಇಲ್ಲ.

ಅವರು ಮೆಟ್ಟಿಲು ಹತ್ತಿ ಮರೆಯಾಗುವವರೆಗೂ ಮೇಷ್ಟ್ರು ನಿಂತೇ ಇದ್ದರು. ಏನೂ ತಿಳಿಯದಿದ್ದರೂ ಮನಸ್ಸಿಗೆ ಏನೋ ಹಗುರಾದಂತಿತ್ತು. ಹೋಗೋಣ ಎಂದು ಪೆಟ್ಟಿಗೆಗೆ ಕೈ ಹಾಕಿದರೆ ಹೆಂಡತಿ ಜಾಗ ಬಿಟ್ಟು ಕದಲಲಿಲ್ಲ. ಇವರನ್ನು ಕಾಲಿಂದ ತಲೆಯವರೆಗೆ ನೋಡುತ್ತಾ ನಿಂತಿದ್ದರು.

"ರೀ, ಒಂದು ಕೇಳ್ತೀನಿ, ಹೇಳಿ. ನಮ್ಮ ಮದುವೆ ಆದ ವಾರ ಯಾವುದು?"

ಮೇಷ್ಟ್ರು ಆಕಾಶ ನೋಡಿದರು, ಬೆರಳು ಮಡಿಸಿದರು, ಬಿಚ್ಚಿದರು. "ಸೋಮವಾರ ಅಲ್ವಾ?" ಎಂದರು ಕೊನೆಗೆ, ಬೈಗುಳಕ್ಕೆ ತಯಾರಾಗಿ.

ಮದುವೆ ನಡೆದದ್ದು ಶುಕ್ರವಾರ. ಹೆಂಡತಿ ಹಿಡಿದಿದ್ದ ಉಸಿರನ್ನು ಬಿಟ್ಟು, ಬಂದು ಇವರ ತೋಳನ್ನು ಭದ್ರವಾಗಿ ಹಿಡಿದುಕೊಂಡರು.

"ಸದ್ಯ, ನೀವೇ" ಎಂದರು. "ನಡೀರಿ, ಅಕ್ಕ ಕಾಯ್ತಿರ್ತಾಳೆ."